ಎಲ್ಲರ ಮದುವೆಯ ಕೆಳಗೆ

ನವಸಾಗರದ ಹೊಗೆಗೆ ಒಂದು ವಾಸನೆಯಿದೆ. ಮೂಗಿನ ಬುಡಕ್ಕೆ ಚುಚ್ಚಿ, ಕಣ್ಣಲ್ಲಿ ನೀರು ತರಿಸಿ, ನಾಲಿಗೆಯ ಮೇಲೆ ಉಪ್ಪಿನಂತೆ ಕೂತುಬಿಡುವ ವಾಸನೆ. ಜಬೀನಳ ತಂದೆ ಸುಭಾನಸಾಬ ಗಜೇಂದ್ರಗಡದ ಓಣಿಗಳಲ್ಲಿ ತಿದಿ ಹೂಡಿ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಭುಸ್ಸೆಂದು ಏಳುತ್ತಿತ್ತು. ಆ ಹೊಗೆಯನ್ನು ಅಂಗಿಯಲ್ಲೇ ಹೊತ್ತುಕೊಂಡು ಅವನು ಮನೆಗೆ ಬರುತ್ತಿದ್ದ.

ವಾಸನೆ ಹೊಸ್ತಿಲು ದಾಟಿತೆಂದರೆ ಅವನ ಕೈ ಯಾವಾಗ ಏಳುತ್ತದೆಂದು ಹೇಳಲು ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ ಎದ್ದಿತ್ತು. ನೀರು ತಡವಾಗಿ ಕೊಟ್ಟಿದ್ದಕ್ಕೆ ಎದ್ದಿತ್ತು. ಒಮ್ಮೆ ಯಾವ ಕಾರಣವೂ ಇಲ್ಲದೆ, ಕಾದ ಇಕ್ಕಳ ಹಿಡಿದುಕೊಂಡೇ ಎದ್ದು, ಹೆಂಡತಿ ಮದರಬಿಯ ಮುಂಗೈ ಸುಟ್ಟಿತ್ತು.

“ಬಾಯಿ ಮುಚಗೊಂಡ ನಿಂತ್ರ ಏಟು ಕಡಿಮಿ ಬೀಳತಾವ,” ಎಂದು ಮದರಬಿ ಮಗಳಿಗೆ ಹೇಳಿಕೊಟ್ಟಳು. ಬೇರೆ ತಾಯಂದಿರು ಕಸೂತಿ ಹೇಳಿಕೊಡುವಷ್ಟೇ ಅಕ್ಕರೆಯಿಂದ ಹೇಳಿಕೊಟ್ಟಳು. ಜಬೀನ ಚೆನ್ನಾಗಿ ಕಲಿತಳು.

ಸುಭಾನಸಾಬ ತೀರಿಕೊಂಡ. ತಿದಿ, ಇಕ್ಕಳ ಗುಜರಿಗೆ ಹೋದವು. ಮಗ ಮುಜಫ್ಫರ ಗಜೇಂದ್ರಗಡ ರೋಣದ ನಡುವೆ ಟ್ರ್ಯಾಕ್ಸ್ ಓಡಿಸುತ್ತ ಮನೆಯ ಯಜಮಾನನಾದ. ಹೊಗೆ ಹೋಯಿತು, ಕೈ ಮಾತ್ರ ಉಳಿಯಿತು.

ಆ ಮನೆಯಿಂದ ದಿನಾ ಬೆಳಿಗ್ಗೆ ಹೊರಬೀಳಲು ಜಬೀನಳಿಗೆ ಸಿಕ್ಕ ದಾರಿಯೆಂದರೆ ಇನಾಯತನ ಫೋಟೋ ಸ್ಟುಡಿಯೋ. ಅವಳು ರೋಣದಲ್ಲಿ ಬಿ.ಎ. ಮುಗಿಸಿ ಕಂಪ್ಯೂಟರ್ ಕ್ಲಾಸಿಗೂ ಹೋಗಿ ಬಂದಿದ್ದಳು. ಮದುವೆಯ ಆಲ್ಬಮ್ ಜೋಡಿಸುವ ಕೆಲಸಕ್ಕೆ ಇನಾಯತ ಅವಳನ್ನು ಕರೆದ. ಮುಜಫ್ಫರ ಒಪ್ಪಿದ್ದಕ್ಕೆ ಕಾರಣ ಒಂದೇ: ಸ್ಟುಡಿಯೋ ಟ್ರ್ಯಾಕ್ಸ್ ನಿಲ್ಲುವ ಜಾಗದ ಎದುರಿಗೇ ಇತ್ತು. ಡ್ರೈವರ್ ಸೀಟಿನಿಂದ ಅದರ ಗಾಜಿನ ಬಾಗಿಲು ಕಾಣುತ್ತಿತ್ತು.

ಊರಿಗೆಲ್ಲ ಅವನು ಇನಾಯತಭಾಯ್. ಜಬೀನ ಮಾತ್ರ ಆ ‘ಭಾಯ್’ ಅನ್ನು ಮೊದಲ ದಿನವೇ ನುಂಗಿಬಿಟ್ಟು ‘ಸರ್ರ’ ಎಂದಿದ್ದಳು. ಅವನೂ ಕೇಳಿಸಿಕೊಂಡು ಸುಮ್ಮನಿದ್ದ.

“ಸರ್ರ, ಈ ಮದುಮಗಾ ಒಂದ ಫೋಟೋದಾಗೂ ನಕ್ಕಿಲ್ಲ.”

“ನಿಮ್ಮ ಕೈಗೆ ಕೊಟ್ಟೇನಿ. ನಗಸ್ರಿ.”

“ನಗಸೂ ಬಟನ್ ಇದರಾಗ ಇಲ್ರೀ.”

“ಹಂಗಾರ ಹೆಂಡತಿ ಫೋಟೋ ಒಂದಿಷ್ಟ ದೂರ ಸರಸ್ರಿ. ತಾನ ನಗತಾನ.”

ಅವಳು ತುಟಿ ಕಚ್ಚಿ ಪರದೆಯ ಕಡೆ ತಿರುಗುತ್ತಿದ್ದಳು. ಪರದೆಯ ಗಾಜಿನಲ್ಲಿ ಅವನ ನೆರಳು ಕಾಣುತ್ತಿತ್ತು. ನೆರಳೂ ತುಟಿ ಕಚ್ಚಿರುತ್ತಿತ್ತು.

ಒಮ್ಮೆ ಅವನ ಕೈಯಿಂದ ಕ್ಯಾಮೆರಾದ ಕಬ್ಬಿಣದ ಸ್ಟ್ಯಾಂಡ್ ಧಡ್ಡನೆ ಬಿತ್ತು. ಜಬೀನ ಎರಡೂ ತೋಳು ತಲೆಯ ಮೇಲೆ ಮಡಚಿ ಕುಸಿದು ಕೂತಳು. ಅವನು ಏನೂ ಕೇಳಲಿಲ್ಲ. ಮರುದಿನದಿಂದ ಅವನು ಆ ಸ್ಟ್ಯಾಂಡನ್ನು ಮಲಗಿದ ಕೂಸಿನಂತೆ ಇಳಿಸತೊಡಗಿದ. ಅವಳ ಬೆನ್ನ ಹಿಂದೆ ಬರುವಾಗ ಬಾಗಿಲಲ್ಲೇ ಒಮ್ಮೆ ಕೆಮ್ಮುತ್ತಿದ್ದ. ಅವನಿಗೆ ಕೆಮ್ಮಿರಲಿಲ್ಲ.

ಆಲ್ಬಮ್ ಜೋಡಿಸಲು ಅವರ ಬಳಿ ಇದ್ದದ್ದು ‘ಬಾಸಿಂಗ’ ಎಂಬ ಹಳೆಯ ಸಾಫ್ಟ್‌ವೇರ್. ಹುಬ್ಬಳ್ಳಿಯ ಯಾರೋ ಹುಡುಗ ಬರೆದು, ಒಂದಿಷ್ಟು ಸಿ.ಡಿ. ಮಾರಿ, ಆಮೇಲೆ ಫೋನ್ ನಂಬರ್ ಬದಲಿಸಿಕೊಂಡು ಮಾಯವಾಗಿದ್ದ. ಮಾದರಿ ಪುಟ ಒಂದನ್ನು ಮಾಡಿಟ್ಟುಕೊಂಡರೆ ಸಾಕು, ಪ್ರತಿ ಮದುವೆಗೂ ಅದೇ ಪುಟದ ಮೇಲೆ ಹೊಸ ಜೋಡಿಯ ಫೋಟೋ ಕೂರಿಸಬಹುದಿತ್ತು. ಹಳೆಯ ಫೋಟೋ ಅಡಿಯಲ್ಲೇ ಉಳಿಯುತ್ತಿತ್ತು, ಒಂದೇ ಮೊಳೆಗೆ ಹೋದ ವರ್ಷದ ಕ್ಯಾಲೆಂಡರಿನ ಮೇಲೆ ಈ ವರ್ಷದ್ದನ್ನು ನೇತುಹಾಕಿದಂತೆ.

ಪ್ರತಿ ಆಲ್ಬಮ್ಮಿನ ನಡುವೆ ಹೃದಯದ ಪುಟ ಇರಲೇಬೇಕು. ಗುಲಾಬಿ ಬಣ್ಣದ ದೊಡ್ಡ ಹೃದಯ, ಅದರೊಳಗೆ ಗಂಡು ಹೆಣ್ಣು. ಇಲ್ಲದಿದ್ದರೆ ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ಬೇರೆ ಸ್ಟುಡಿಯೋದವರು ಮಾದರಿಗೆ ಸಿನಿಮಾದವರ ಫೋಟೋ ಇಡುತ್ತಿದ್ದರು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಇನಾಯತ ಯಾವುದೋ ಮದುವೆಗೆಂದು ಹೊಳೆಮಣ್ಣೂರಿಗೆ ಹೋಗಿದ್ದಾಗ, ಜಬೀನ ಆ ಹೃದಯದೊಳಗೆ ಅವನ ಪಾಸ್‌ಪೋರ್ಟ್ ಫೋಟೋ ಇಟ್ಟಳು. ಪಕ್ಕದಲ್ಲಿ ತನ್ನದನ್ನಿಟ್ಟಳು.

ಇಬ್ಬರೂ ಮುಖ ಒಂದಿಷ್ಟು ವಾರೆ ಮಾಡಿ ಒಂದೇ ಕಡೆ ನೋಡುತ್ತಿದ್ದರು, ಬಸ್ಸಿಗೆ ಕಾಯುವ ಅಪರಿಚಿತರಂತೆ. ಅವಳು ತನ್ನ ಫೋಟೋವನ್ನು ಕನ್ನಡಿಯಂತೆ ತಿರುವಿದಳು. ಈಗ ಅವಳು ಅವನ ಕಡೆ ನೋಡತೊಡಗಿದಳು. ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿತ್ತು. ಹೋಗಲಿ ಎಂದುಕೊಂಡಳು.

ಅದೇ ಮಾದರಿ ಪುಟವಾಯಿತು. ಅದರ ಮೇಲೆ ರೋಣದ ಜೋಡಿಗಳು ಬಂದವು, ಇಟಗಿಯವು ಬಂದವು, ಹಿಂದೂಗಳವು, ಮುಸಲ್ಮಾನರವು, ಪ್ರೀತಿಸಿ ಆದವು, ಅತ್ತು ಆದವು. ಎಲ್ಲರ ಮದುವೆಯ ಕೆಳಗೂ ಅವರಿಬ್ಬರೇ ಕೂತಿದ್ದರು, ಯಾರಿಗೂ ಕಾಣದಂತೆ. ಮನೆಯಲ್ಲಿ ಅಣ್ಣನ ಕೈ ಎದ್ದ ದಿನ ಜಬೀನ ಸ್ಟುಡಿಯೋಗೆ ಬಂದು ಹೃದಯದ ಪುಟ ತೆರೆದು, ಮೇಲಿನ ಫೋಟೋವನ್ನು ಬೆರಳಷ್ಟು ಸರಿಸಿ, ನೋಡಿ, ಮತ್ತೆ ಮುಚ್ಚುತ್ತಿದ್ದಳು.

ಇದೆಲ್ಲ ನಡೆದದ್ದು ೨೦೦೮ರ ಸುಮಾರಿಗೆ. ಆ ಬೇಸಿಗೆಯಲ್ಲಿ ಮುಜಫ್ಫರನ ಮದುವೆಯಾಯಿತು. ಹುಡುಗಿ ನರಗುಂದದ ಶಬನಮ. ತಂಗಿ ಕೆಲಸ ಮಾಡುವ ಸ್ಟುಡಿಯೋದಲ್ಲೇ ಆಲ್ಬಮ್. ಜಬೀನ ಅದನ್ನು ಜೋಡಿಸಿ ಮುಗಿಸಿ, ಪ್ರತಿ ಪುಟವನ್ನೂ ನೋಡಿ, ಇನ್ನು ಸಿ.ಡಿ. ಬರೆದು ಹುಬ್ಬಳ್ಳಿಯ ಲ್ಯಾಬಿಗೆ ಕಳಿಸುವುದೊಂದೇ ಬಾಕಿ ಎನ್ನುವಾಗ ಕಂಪ್ಯೂಟರಿಗೆ ಜಡ್ಡು ಬಂತು. ನಡುನಡುವೆ ತಾನೇ ಆರಿ ತಾನೇ ಹೊತ್ತಿಕೊಳ್ಳತೊಡಗಿತು. ರೋಣದಿಂದ ರಿಪೇರಿಯವನು ಬಂದು ಫೋಟೋಗಳನ್ನೆಲ್ಲ ಎತ್ತಿಟ್ಟು, ಹಳೆಯ ಸಿಸ್ಟಮ್ ಅಳಿಸಿ ಹೊಸದನ್ನು ಹಾಕಿದ. ಪರದೆ ಮದುವಣಗಿತ್ತಿಯಂತೆ ಹೊಳೆಯಿತು. ಅವನು ಚಹಾ ಕುಡಿದು ಹೋದ.

ಜಬೀನ ಬಾಸಿಂಗ ತೆರೆದಳು. ಅರ್ಧ ಪರದೆ ಬೂದಿ ಬಣ್ಣವಾಯಿತು. ಈ ಪ್ರೋಗ್ರಾಮ್ ಕೆಲಸ ನಿಲ್ಲಿಸಿದೆ ಎಂದು ಇಂಗ್ಲಿಷಿನಲ್ಲಿ ಬಂತು. ಮತ್ತೆ ತೆರೆದಳು, ಮತ್ತೆ ಅದೇ.

“ನಿಂತೇನಿ ಅಂತ ಹೇಳಾಕಷ್ಟ ಬರತೈತಿ ನೋಡ್ರಿ ಇದು,” ಎಂದಳು.

ಇನಾಯತ ಸಿಟ್ಟಿನಿಂದ ಕಂಪ್ಯೂಟರಿನ ಡಬ್ಬಿಗೆ ಅಂಗೈಯಿಂದ ಒಂದು ಬಾರಿಸಿದ. ಪಕ್ಕದಲ್ಲಿ ಜಬೀನಳ ಭುಜ ಮುದುಡಿತು. ಅವನು ಅದನ್ನು ಕಂಡ. ಹೊಡೆದ ಜಾಗವನ್ನೇ ಕರುವಿನ ಬೆನ್ನು ಸವರಿದಂತೆ ಸವರಿದ.

“ಹೊಡಿಯೂದಿಲ್ರೀ ಇನ್ನ,” ಎಂದ. ಯಂತ್ರಕ್ಕೆ ಹೇಳಿದನೋ ಅವಳಿಗೆ ಹೇಳಿದನೋ, ಕಣ್ಣು ಮಾತ್ರ ಯಂತ್ರದ ಮೇಲಿತ್ತು.

“ಗದಗಿನಾಗ ಎಲ್ಲಾರೂ ಹೊಸ ಸಾಫ್ಟ್‌ವೇರ್ ಹಾಕ್ಯಾರ. ನೀವೊಬ್ರ ಇದನ್ನ ಕಟಗೊಂಡ ಕುಂತೀರಿ.”

“ನಂಗ ಇದ ಸೇರತೈತಿ.”

“ಭಾಳ ಜಿಪುಣರದೀರಿ ಸರ್ರ.”

“ಹೌದ್ರಿ, ಜಿಪುಣನ,” ಎಂದ ಇನಾಯತ, ಬೇಕಿದ್ದಕ್ಕಿಂತ ಮೆಲ್ಲಗೆ.

ಪುಟಗಳು ಪರದೆಯ ಮೇಲೆ ಕಾಣಲೊಲ್ಲವು. ಆದರೆ ಸಿ.ಡಿ. ಬರೆಯುವ ಬಟನ್ ಮಾತ್ರ ಒತ್ತಿಸಿಕೊಂಡಿತು. ಹಸಿರು ಪಟ್ಟಿ ಈ ತುದಿಯಿಂದ ಆ ತುದಿಗೆ ತೆವಳಿತು. ಆ ಸಿ.ಡಿ.ಯನ್ನು ಲ್ಯಾಬಿನ ಯಂತ್ರವಷ್ಟೇ ಓದಬಲ್ಲದು. ಹೊರಗೆ ಹುಬ್ಬಳ್ಳಿಯ ಬಸ್ಸು ಹಾರ್ನ್ ಹಾಕುತ್ತಿತ್ತು. ಅವಳು ಮಾಡಿದ್ದನ್ನು ಅವಳೇ ನೋಡಿದ್ದಳಲ್ಲ, ಪುಟಗಳು ಹೋಗುವುದೆಲ್ಲಿಗೆ? ಸಿ.ಡಿ. ಬಸ್ಸು ಹತ್ತಿತು.

ಹೃದಯದ ಆಕಾರಕ್ಕೆ ಕತ್ತರಿಸಿದ ಮೇಲಿನ ಫೋಟೋ ಹೊಸ ಸಿಸ್ಟಮ್ಮಿನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅದು ಅಡಿಯಲ್ಲಿದ್ದುದನ್ನೇ ಎತ್ತಿ ಕಳಿಸಿತ್ತು.

ಮದುವೆಯಾದ ಮೇಲೆ ಒಂದಿಷ್ಟು ಶುಕ್ರವಾರ ಹೆಣ್ಣಿನ ಮನೆಯವರು ಅಳಿಯನನ್ನು ಕರೆದು ಉಣಬಡಿಸುತ್ತಾರೆ. ಅದಕ್ಕೆ ಜುಮಾಗಿ ಎನ್ನುತ್ತಾರೆ. ಕೊನೆಯ ಜುಮಾಗಿಗೆ ಮುಜಫ್ಫರ ತಾಯಿಯನ್ನೂ ತಂಗಿಯನ್ನೂ ಶಬನಮಳ ಜೊತೆ ಮುಂದೆ ಕಳಿಸಿ, ತಾನು ಹುಬ್ಬಳ್ಳಿಗೆ ಹೋಗಿ ಆಲ್ಬಮ್ ಬಿಡಿಸಿಕೊಂಡು ನೇರ ನರಗುಂದಕ್ಕೆ ಬಂದ. ಬಟ್ಟೆಯ ಕವರು ಬಿಚ್ಚಿರಲಿಲ್ಲ. ಮಾವನ ಮನೆಯವರೆದುರೇ ಬಿಚ್ಚಬೇಕೆಂದಿದ್ದ.

ನಮಾಜು ಮುಗಿಯಿತು, ಊಟವೂ ಆಯಿತು. ಗಂಡಸರು ಪಡಸಾಲೆಯಲ್ಲಿ ಆಲ್ಬಮ್ ಸುತ್ತ ಕೂತರು. ಒಳಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದ ಜಬೀನಳಿಗೆ ಪುಟ ತಿರುವುವ ಸದ್ದು, ನಗು, ತಮಾಷೆ ಎಲ್ಲ ಕೇಳುತ್ತಿತ್ತು. ಆಮೇಲೆ ಏನೂ ಕೇಳಲಿಲ್ಲ.

“ಇದ್ಯಾರ ಜೋಡಿ?” ಎಂದಿತು ಒಂದು ಮುದಿ ದನಿ. “ಈ ಹುಡುಗಿ ಒಳಗ ಕುಂತೈತೆಲ್ಲ.”

ಬಾಗಿಲಲ್ಲಿ ಮುಜಫ್ಫರ ನಿಂತಿದ್ದ. ಕೈಯಲ್ಲಿ ತೆರೆದ ಆಲ್ಬಮ್. ಗುಲಾಬಿ ಹೃದಯದೊಳಗೆ ಇನಾಯತ, ಜಬೀನ. ಜಬೀನಳ ಮೂಗಿಗೆ ನವಸಾಗರ ಅಡರಿತು. ಆ ಮನೆಯಲ್ಲಿ ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಮೊದಲ ಏಟಿಗೆ ಅವಳ ತುಟಿ ಒಡೆಯಿತು. ಎರಡನೆಯದಕ್ಕೆ ತಲೆ ಗೋಡೆಗೆ ಬಡಿಯಿತು. ಹೆಂಗಸರು ಕೂಸುಗಳನ್ನು ಎಳೆದುಕೊಂಡು ಸರಿದರು.

“ಯಾವಾಗಿಂದ? ಬೊಗಳ.”

ಅವಳ ಬಾಯಿ ತಾನಾಗಿ ಮುಚ್ಚಿಕೊಂಡಿತು. ಎದುರು ಮೂಲೆಯಲ್ಲಿ ಕೂತಿದ್ದ ತಾಯಿಯ ಬಾಯಿಯೂ ಮುಚ್ಚಿತ್ತು. ಸುಟ್ಟ ಗುರುತಿನ ಮುಂಗೈಯನ್ನು ಮದರಬಿ ಸೆರಗಿನೊಳಗೆ ಎಳೆದುಕೊಂಡಳು.

“ಬಾ, ಹತ್ತ ಗಾಡಿ. ನಿನ್ನ ಕಣ್ಣ ಮುಂದ ಅವನ ಕೈ ಮುರೀತೀನಿ. ಆ ಕೈಯಿಂದ ಇನ್ನೊಂದ ಫೋಟೋ ತಗಿಬಾರದು ಅಂವಾ.”

ಜಡೆ ಹಿಡಿದು ಎಳೆದೊಯ್ದು ಟ್ರ್ಯಾಕ್ಸಿನ ಹಿಂಬದಿಗೆ ದೂಡಿದ. ಗಾಡಿ ಶುರುವಾಗುವಷ್ಟರಲ್ಲಿ ಶಬನಮ ಓಡಿಬಂದಳು. ಕೈಯಲ್ಲಿ ಜಬೀನಳ ಚಪ್ಪಲಿ. ಯಾರನ್ನೂ ಕೇಳದೆ ಹತ್ತಿ, ಕೆಳಗೆ ಕೂತು, ಕೆಂಡದಂತೆ ಕಾದ ತಗಡಿನ ಮೇಲಿದ್ದ ನಾದಿನಿಯ ಪಾದಗಳಿಗೆ ಒಂದೊಂದಾಗಿ ಚಪ್ಪಲಿ ಹಾಕಿದಳು.

“ಇಳಿ ಕೆಳಗ,” ಎಂದ ಮುಜಫ್ಫರ.

“ನಂದೂ ಅದ ಮನಿ. ನಡೀರಿ,” ಎಂದಳು ಶಬನಮ. ಮದುವೆಯಾದ ಮೇಲೆ ಅವಳು ಗಂಡನೆದುರು ಆಡಿದ ಅತಿ ಉದ್ದದ ಮಾತು ಅದು.

ನರಗುಂದದ ಗುಡ್ಡ ಹಿಂದೆ ಸರಿಯಿತು. ಬೇಸಿಗೆಯ ಎರೆಹೊಲಗಳು ಬಾಯಿಬಿಟ್ಟು ಬಿದ್ದಿದ್ದವು. ಒಂದು ಕುರಿಮಂದೆಯ ಅಂಚನ್ನು ಸವರಿಕೊಂಡು ಗಾಡಿ ಹಾರಿತು. ಒಂದು ಮರಿ ರಸ್ತೆ ಬದಿಗೆ ಎಗರಿ ಬಿದ್ದು, ಎದ್ದು, ಕುಂಟುತ್ತ ಓಡಿತು. ಆ ಫೋಟೋ ನಾನೇ ಇಟ್ಟದ್ದು ಎನ್ನಬೇಕು. ಅಷ್ಟೇ ಮಾತು. ಜಬೀನ ರೋಣ ಬರುವವರೆಗೆ ಅದನ್ನು ಬಾಯಿಗೆ ತರಲು ನೋಡಿದಳು. ರೋಣ ದಾಟಿದ ಮೇಲೂ ನೋಡಿದಳು. ಶಬನಮ ಸೆರಗಿನ ತುದಿಯಿಂದ ಅವಳ ತುಟಿಯ ರಕ್ತ ಒತ್ತುತ್ತಿದ್ದಳು.

“ಭಾಬಿ,” ಎಂದಳು ಕೊನೆಗೆ, ಉಸಿರಿನಷ್ಟೇ ಸದ್ದಿನಲ್ಲಿ. “ಅವ್ರಿಗೆ ಏನೂ ಗೊತ್ತಿಲ್ಲ.”

“ಹಂಗಾರ ಅವ್ರ ಮುಂದ ಹೇಳ,” ಎಂದಳು ಶಬನಮ. “ನಂಗ ಹೇಳಿದ್ರ ಯಾರ ಕೈ ಉಳೀತೈತಿ?”

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

ಇನಾಯತ ಕಂಪ್ಯೂಟರಿನ ಮುಂದೆ ಕೂತು ಬಾಸಿಂಗದ ಜೊತೆ ಗುದ್ದಾಡುತ್ತಿದ್ದ. ಬಾಗಿಲ ಗಾಜು ಒಡೆದು ಒಳಬಿದ್ದಾಗಲೇ ತಲೆ ಎತ್ತಿದ್ದು. ಮುಜಫ್ಫರ ಆಲ್ಬಮ್ಮನ್ನು ಅವನ ಮುಖಕ್ಕೆ ಎಸೆದ. ಅದು ನೆಲಕ್ಕೆ ಬಿದ್ದು ಅದೇ ಪುಟಕ್ಕೆ ತೆರೆದುಕೊಂಡಿತು.

ಇನಾಯತ ಪುಟ ನೋಡಿದ. ಬಾಗಿಲ ಬಳಿ ನಿಂತ ಜಬೀನಳ ತುಟಿ ನೋಡಿದ. ಅವನ ಮುಖದಲ್ಲಿ ಆಶ್ಚರ್ಯ ಮೂಡಲಿಲ್ಲವೆಂಬುದು ಆ ಗದ್ದಲದಲ್ಲೂ ಅವಳಿಗೆ ಹೊಳೆಯಿತು.

“ನಾ ಹಚ್ಚೇನ್ರಿ ಅದನ್ನ,” ಎಂದ. “ಅವ್ರಿಗೆ ಗೊತ್ತಿಲ್ಲ. ಅವ್ರ ಫೋಟೋ ನಾ ಕೇಳಲಾರದ ತಗೊಂಡೇನಿ.”

ಮುಜಫ್ಫರ ಮೂಲೆಯಲ್ಲಿದ್ದ ಕ್ಯಾಮೆರಾ ಸ್ಟ್ಯಾಂಡ್ ಎತ್ತಿದ. ಮೊದಲು ಪರದೆ ಒಡೆಯಿತು. ಆಮೇಲೆ ಕ್ಯಾಮೆರಾಗಳಿದ್ದ ಕಪಾಟು. ದೀಪದ ಬಲ್ಬುಗಳು ಒಂದರ ಹಿಂದೊಂದು ಸಿಡಿದವು. ಇನಾಯತ ಎದ್ದು ಓಡಲಿಲ್ಲ. ಓಡಿದರೆ ಏಟು ಯಾರ ಮೇಲೆ ಬೀಳುತ್ತದೆಂದು ಅವನಿಗೆ ಗೊತ್ತಿದ್ದಂತಿತ್ತು. ಬಾಗಿಲಿಗೂ ಮುಜಫ್ಫರನಿಗೂ ನಡುವೆ ಬಂದು ನಿಂತ. ಮುಖ ಮುಚ್ಚಲು ಬಲಗೈ ಎತ್ತಿದ. ಕಬ್ಬಿಣ ಅದರ ಮೇಲೆ ಇಳಿಯಿತು. ಹಸಿ ಟೊಂಗೆ ಮುರಿದಂಥ ಸದ್ದು. ಅವನು ಗೋಡೆಗೆ ಒರಗಿ ಜಾರಿದ. ಮುಜಫ್ಫರ ಪಕ್ಕೆಗೆ ಒದ್ದ, ಮತ್ತೆ ಒದ್ದ, ಸ್ಟ್ಯಾಂಡನ್ನು ತಲೆಯ ಎತ್ತರಕ್ಕೆ ಎತ್ತಿದ.

“ಅದನ್ನ ಇಟ್ಟಾಕಿ ನಾನು.”

ಯಾರ ದನಿ ಎಂದು ಜಬೀನಳಿಗೇ ಒಂದು ಕ್ಷಣ ಗೊತ್ತಾಗಲಿಲ್ಲ. ಅವಳು ಗಾಜಿನ ಚೂರುಗಳ ಮೇಲೆ ನಡೆದು ಬಂದು ಆಲ್ಬಮ್ ಎತ್ತಿ ಅಣ್ಣನ ಮುಖದೆದುರು ಹಿಡಿದಳು.

“ನೋಡ ಭಾಯಿ. ನನ್ನ ಮಚ್ಚಿ ಎಡಕ್ಕೈತಿ. ಇದರಾಗ ಬಲಕ್ಕೈತಿ. ಫೋಟೋ ತಿರಿವಿ ಹಾಕೀನಿ. ಯಾಕ ಹೇಳಲೇನು? ಇವ್ರ ಕಡೆ ನೋಡಬೇಕಂತ. ಇವ್ರು ಒಂದಿನಾನೂ ನನ್ನ ಬೆರಳ ಮುಟ್ಟಿಲ್ಲ. ನಾ ಇವ್ರ ಬಾಜೂಕ ಕುಂದರಬೇಕಂತ ನಾನ ಕುಂತೇನಿ.”

“ಬಾಯಿ ಮುಚ್ಚ.”

“ಮುಚ್ಚೂದಿಲ್ಲ. ಅಬ್ಬಾನ ಮುಂದ ಮುಚ್ಚಿದ್ದ ಸಾಕಾತು. ಹೊಡಿಯವಿದ್ರ ನನಗ ಹೊಡಿ. ಆದ್ರ ಹೇಳೂದ ಹೇಳೇ ಹೇಳತೀನಿ.”

ಸ್ಟ್ಯಾಂಡ್ ಗಾಳಿಯಲ್ಲೇ ನಿಂತಿತ್ತು. ಅವಳು ತೋಳು ಮಡಚಲಿಲ್ಲ, ಕಣ್ಣು ಮುಚ್ಚಲಿಲ್ಲ.

“ಅದು ಆಕಿ ಮ್ಯಾಲ ಬಿದ್ರ,” ಎಂದಳು ಹಿಂದಿನಿಂದ ಶಬನಮ, ಸಂತೆಯಲ್ಲಿ ದರ ಹೇಳುವಷ್ಟು ತಣ್ಣಗೆ, “ನಾ ಇಲ್ಲಿಂದ ಹಂಗ ನರಗುಂದಕ್ಕ ಹೊಳ್ಳತೀನಿ. ನಮ್ಮಪ್ಪ ಬಂದ ಕರದ್ರೂ ಬರೂದಿಲ್ಲ.”

ಬದಿಯ ಮನೆಯಲ್ಲಿ ಮಗ್ಗದ ಸದ್ದು ನಿಂತಿತು. ನೇಕಾರ ಹೂವಪ್ಪ ಬರಿಮೈಯಲ್ಲೇ ಒಳಗೆ ಬಂದು ಮುಜಫ್ಫರನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸ್ಟ್ಯಾಂಡ್ ತೆಗೆದುಕೊಂಡ. ಮುಜಫ್ಫರ ಹೆಂಡತಿಯನ್ನು ನೋಡಿದ, ತಂಗಿಯನ್ನು ನೋಡಿದ, ಹೊರಗೆ ನೆರೆದ ಜನರನ್ನು ನೋಡಿದ. ಆಮೇಲೆ ಟ್ರ್ಯಾಕ್ಸಿನ ಬಾಗಿಲು ಧಡಾರೆಂದು ಹಾಕಿಕೊಂಡು ಹೋಗಿಬಿಟ್ಟ.

ಎಲುಬಿನ ಡಾಕ್ಟರು ಈಗ ರೋಣದಲ್ಲಿ ಸಿಗುತ್ತಾರೆಂದು ಹೂವಪ್ಪ ಹೇಳಿದ. ತನ್ನ ಮಗ್ಗದ ಒಂದು ಹಲಗೆ ಮುರಿದು, ಹೊಸ ಸೀರೆಯ ಅಂಚು ಹರಿದು, ಇನಾಯತನ ಕೈಗೆ ಕಟ್ಟಿದ. ರೋಣದ ಬಸ್ಸಿನ ಡ್ರೈವರ್ ನಿಲ್ದಾಣವಲ್ಲದ ಕಡೆ ನಿಲ್ಲಿಸಿ ಹತ್ತಿಸಿಕೊಂಡ. ದಾರಿಯ ಗುಂಡಿಗಳಲ್ಲಿ ನಡೆಯುವ ವೇಗದಲ್ಲಿ ಬಸ್ಸು ಬಿಟ್ಟ. ತಡವಾಗುತ್ತದೆಂದು ಯಾರೂ ಕೂಗಲಿಲ್ಲ. ರೋಣದಲ್ಲಿ ಅವನು ಬಸ್ಸನ್ನು ದವಾಖಾನೆಯ ಗೇಟಿನವರೆಗೂ ತಂದು ನಿಲ್ಲಿಸಿದ.

ಕೈಗೆ ಪ್ಲಾಸ್ಟರ್ ಬಿತ್ತು. ಪಕ್ಕೆಯ ಎಲುಬು ಸೀಳಿತ್ತು. ಬರೆದುಕೊಳ್ಳಲು ಪೊಲೀಸ್ ಪೇದೆಯೊಬ್ಬ ಬಂದ.

“ಹ್ಯಾಂಗಾತು?”

“ಏಣಿ ಮ್ಯಾಲಿಂದ ಬಿದ್ದೇನ್ರಿ,” ಎಂದ ಇನಾಯತ.

ಪೇದೆ ಜಬೀನಳ ತುಟಿಯ ಕಡೆ ನೋಡಿದ. “ಇವರೂ ಅದ ಏಣಿ ಹತ್ತಿದ್ರೇನು?”

ಇನಾಯತ ಬೇಡವೆಂದು ಕಣ್ಣಲ್ಲೇ ಹೇಳಿದ. ಅವಳಿಗೆ ತಾಯಿಯ ಮುಂಗೈ ಕಣ್ಣ ಮುಂದೆ ಬಂತು. ಆ ಸುಟ್ಟ ಗಾಯವನ್ನು ನೋಡಿದವರಿಗೆಲ್ಲ ಮದರಬಿ ಒಲೆ ತಾಗಿತು ಎಂದಿದ್ದಳು.

“ನಮ್ಮ ಅಣ್ಣ ಹೊಡದಾನ್ರಿ,” ಎಂದಳು ಜಬೀನ. “ಮುಜಫ್ಫರ. ತಂದಿ ಸುಭಾನಸಾಬ. ನನಗೂ ಹೊಡದಾನ, ಇವ್ರಿಗೂ ಹೊಡದಾನ. ಬರಕೋರ್ರಿ. ಸಹಿ ಮಾಡತೀನಿ.”

ಪೇದೆ ಹೋದ ಮೇಲೆ ಇನಾಯತ ಅವಳ ಕಡೆ ತಿರುಗಿದ.

“ಸ್ವಂತ ಅಣ್ಣ ಅಲ್ಲೇನ್ರೀ ನಿಮಗ?”

“ಅದಕ್ಕ ಹೇಳಿದ್ದು. ಇವತ್ತ ಏಣಿ ಅಂದ್ರ ನಾಳೆ ಭಾಬಿ ಒಲಿ ಅಂತಾಳ.”

“ನಿಮ್ಮ ಅಮ್ಮ?”

ಅವಳು ತಲೆ ತಗ್ಗಿಸಿದಳು. “ಇನ್ನ ನನ್ನ ಮಾರಿ ನೋಡೂದಿಲ್ಲ ಆಕಿ. ಮಗನ್ನ ಠಾಣೆಕ್ಕ ಹಾಕಿಸೀನಿ.” ಅಷ್ಟು ಹೊತ್ತಿನ ನಂತರ ಆಗ ಅಳು ಬಂತು. ಏಟಿಗೆ ಬರದ ಅಳು.

ಇನಾಯತ ಒರೆಸಲು ಕೈ ಎತ್ತಲು ಹೋದ. ಪ್ಲಾಸ್ಟರ್ ಎತ್ತಲು ಬಿಡಲಿಲ್ಲ. ಎಡಗೈಯಿಂದ ದಿಂಬಿನ ಮೇಲಿನ ಟವೆಲ್ ಅವಳ ಕಡೆ ತಳ್ಳಿದ.

“ಒಂದ ಮಾತ ಹೇಳಲೇನ್ರಿ? ಹೃದಯದ ಪುಟದ ಕೆಳಗ ಯಾರದಾರ ಅಂತ ನಂಗ ಗೊತ್ತಿತ್ತು.”

ಅವಳು ಟವೆಲಿನಿಂದ ಮುಖ ತೆಗೆದಳು.

“ಹ್ವಾದ ವರ್ಷ ಇಟಗಿಯವ್ರ ಆಲ್ಬಮ್‌ನ್ಯಾಗ ಮದುಮಗನ ಪಟಗಾ ಸರಿ ಮಾಡಾಕ ಹೋದೆ. ಫೋಟೋ ಸರೀತು. ಕೆಳಗ ನಾವಿಬ್ರು ಕುಂತಿದ್ವಿ.”

“ಅಳಸಬೇಕಿತ್ತ್ರಿ.”

“ಬೆರಳ ಬರಲಿಲ್ಲ. ಮತ್ತ ಹೊಚ್ಚಿದೆ. ಆಮ್ಯಾಲ ಗದಗಿನವ್ರು ಹೊಸ ಸಾಫ್ಟ್‌ವೇರ್ ತಗೋರಿ ಅಂದ್ರು. ಹಳೇ ಪುಟಾ ಅದರಾಗ ಬರೂದಿಲ್ಲ ಅಂದ್ರು. ಬ್ಯಾಡ ಅಂದೆ.”

ಜಬೀನ ಅವನನ್ನೇ ನೋಡಿದಳು. ಊದಿದ ಕಣ್ಣು, ಕಿತ್ತುಹೋದ ಹುಬ್ಬು. ಪಾಸ್‌ಪೋರ್ಟ್ ಫೋಟೋದ ಇನಾಯತನಿಗಿಂತ ಎಷ್ಟೋ ಕೆಟ್ಟದಾಗಿದ್ದ. ಆ ಫೋಟೋ ಅವಳ ಕಡೆ ಹೀಗೆ ಎಂದೂ ನೋಡಿರಲಿಲ್ಲ.

“ಜಿಪುಣ ಅಂದಿದ್ದೆ ನಾ ನಿಮಗ.”

“ಖರೇನ ಅಂದಿದ್ರಿ. ಇದ್ದದ್ದ ಬಿಟ್ಟ ಕೊಡಾಕ ಮನಸ ಆಗಲಿಲ್ಲ.”

“ಒಂದ ಸಲಾನೂ ಹೇಳಲಿಲ್ಲ.”

“ಹ್ಯಾಂಗ ಹೇಳಲಿ? ಬಾಗಲದಾಗ ಕೆಮ್ಮೂದರಾಗ ನನ್ನ ಧೈರ್ಯಾ ಎಲ್ಲಾ ಖರ್ಚ ಆಗತಿತ್ತು.”

ಅವಳಿಗೆ ನಗು ಬಂತು. ಒಡೆದ ತುಟಿ ಚುರ್ರೆಂದಿತು. ತುಟಿ ಹಿಡಿದುಕೊಂಡೇ ನಕ್ಕಳು.

“ಇನ್ಮ್ಯಾಲ ನಾ ಸರ್ರ ಅನ್ನೂದಿಲ್ಲ.”

“ಭಾಯ್ ಅಂತೀರೇನು ಮತ್ತ?”

“ಏನೂ ಅನ್ನೂದಿಲ್ಲ. ಬರೇ ‘ರೀ’ ಅಂತೀನಿ.”

ಇನಾಯತ ಕಿಟಕಿಯ ಕಡೆ ತಿರುಗಿದ. ಬೇವಿನ ಮರವನ್ನು ಬಹಳ ಹೊತ್ತು ನೋಡಿದ. ಅವನ ಕಿವಿ ಕೆಂಪಾಗಿತ್ತು.

“ಇನ್ನೊಮ್ಮೆ ಅನ್ರಿ,” ಎಂದ.

“ರೀ.”

ನರಗುಂದದಿಂದ ರಾತ್ರಿಯೇ ಮನೆಗೆ ಮರಳಿದ್ದ ಮದರಬಿ ಮರುದಿನ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡಳು. ಬುರ್ಖಾದ ಅಂಚೆಲ್ಲ ಧೂಳು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಡಬ್ಬಿ. ಜಬೀನ ಎದ್ದು ನಿಂತಳು.

ಮದರಬಿ ಮಂಚದ ತುದಿಯ ಸ್ಟೂಲಿನ ಮೇಲೆ ಕೂತಳು. ಮಗಳ ತುಟಿ ನೋಡಿದಳು. ಇನಾಯತನ ಮುಖ ನೋಡಿದಳು.

“ಠಾಣೆಕ್ಕ ಹೋಗಿ ಬಂದೆ,” ಎಂದಳು ಕೊನೆಗೆ. “ಅವಗೂ ಒಂದ ಡಬ್ಬಿ ಕೊಟ್ಟೆ.”

“ಉಂಡನೇನಮ್ಮಾ?”

“ನಾ ನಿಲ್ಲಲಿಲ್ಲ.” ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, “ಶಬನಮ ನಮ್ಮ ಮನ್ಯಾಗ ಅದಾಳ. ನಿಮ್ಮ ಮಗಾ ಕೈ ಮಾಡೂದಿಲ್ಲ ಅಂತ ನನ್ನ ಮುಂದ ಆಣಿ ಮಾಡಿದ್ರ ಇರತೀನಿ, ಇಲ್ಲಂದ್ರ ಇಲ್ಲ ಅಂದಾಳ.”

“ನೀ ಏನಂದಿ?”

“ಆಕಿ ಹೇಳೂದು ಬರೋಬರಿ ಐತಿ ಅಂದೆ.” ಮದರಬಿ ಬುರ್ಖಾದ ತೋಳು ಮೇಲೆ ಸರಿಸಿದಳು. ಮುಂಗೈಯ ಹಳೆಯ ಸುಟ್ಟ ಗುರುತು ಹೊರಬಿತ್ತು. ಅವಳು ಅದನ್ನು ಮುಚ್ಚಲು ಹೋಗಲಿಲ್ಲ. “ನಂಗೂ ಅವತ್ತ ಯಾರರೆ ಕೇಳಿದ್ರ ಹೇಳತಿದ್ನೋ ಏನೋ. ಯಾರೂ ಕೇಳಲಿಲ್ಲ.”

ಜಬೀನ ತಾಯಿಯ ಪಾದದ ಬಳಿ ಕೂತುಬಿಟ್ಟಳು. ಮದರಬಿ ಮಗಳ ನೆತ್ತಿಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು. ಆಮೇಲೆ ಬಟ್ಟೆಯ ಗಂಟು ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದಳು.

ಜೋಳದ ರೊಟ್ಟಿಯನ್ನು ಮನೆಯಲ್ಲೇ ಸಣ್ಣಗೆ ಮುರಿದು, ಬೇಳೆಯಲ್ಲಿ ನೆನೆಹಾಕಿ, ತುಪ್ಪ ಬಿಟ್ಟು ಕಲಸಿ ತಂದಿದ್ದಳು. ಯಾವ ಕೈ ಮುರಿದಿದೆಯೆಂದು ಹೂವಪ್ಪನ ಮನೆಗೆ ಹೋಗಿ ಕೇಳಿಕೊಂಡು ಬಂದಿದ್ದಳಂತೆ. ಡಬ್ಬಿಯನ್ನು ಇನಾಯತನ ತೊಡೆಯ ಮೇಲೆ ಅಲುಗದಂತೆ ಇಟ್ಟಳು. ಬುರ್ಖಾದೊಳಗಿನಿಂದ ಒಂದು ಚಮಚ ತೆಗೆದು, ಸೆರಗಿನಿಂದ ಒರೆಸಿ, ಅವನ ಎಡಗೈಗೆ ಕೊಟ್ಟಳು.